ಮೇಷ್ಟ್ರು ಬಲ್ಲ ಧನ್ಯಶ್ರೀ

ಶಿಲ್ಪ ಗಲ್ಲಾದ ಹಿಂದೆ ನಿಂತು ಒಬ್ಬ ರೈತನಿಗೆ ಡ್ರಿಪ್ ಪೈಪಿನ ಸುರುಳಿ ಬಿಚ್ಚಿ ತೋರಿಸುತ್ತಿದ್ದಳು. ರಸ್ತೆಯ ಈಚೆ ಬಸ್ಸಿಳಿದು ನಿಂತ ಧನ್ಯಶ್ರೀ ಅವಳ ಮುಖವನ್ನೇ ನೋಡುತ್ತಿದ್ದಳು, ಆ ಮುಖಕ್ಕೆ ತನ್ನ ಹೆಸರು ಇನ್ನೂ ಹೊಂದೀತೇ ಎಂದು. ಕಿಬ್ಬನಹಳ್ಳಿಯ ಕೂಡುರಸ್ತೆಯಲ್ಲಿ ಎಳನೀರು ತುಂಬಿದ ಲಾರಿಯೊಂದು ಅಡ್ಡ ನಿಂತಿತ್ತು. ಅದು ಸರಿದರೆ ದಾಟಬಹುದು, ಸರಿದಾಗ ದಾಟಲಿಲ್ಲ. ದಾಟಿದರೆ ಶಿಲ್ಪ ತಲೆಯೆತ್ತುತ್ತಾಳೆ, ನಗುತ್ತಾಳೆ, ಸ್ಕೂಟರಿನ ಕೀಲಿ ತೆಗೆದುಕೊಳ್ಳುತ್ತಾಳೆ, ಆಮೇಲೆ ಎಲ್ಲ ತಂತಾನೇ ಆಗುತ್ತ ಹೋಗುತ್ತದೆ. ನಿನ್ನೆ ತಿಪಟೂರಿನ ಕೋರ್ಟಿನಲ್ಲಿ, ಸೀನಿಯರ್ ಬರುವುದು ತಡವಾದ್ದರಿಂದ, ಎದ್ದು ನಿಂತು 'ಪಾಸ್ ಓವರ್ ಮಾಡಬೇಕು ಸ್ವಾಮಿ' ಎಂದಿದ್ದಳು. ಕೇಸನ್ನು ಪಕ್ಕಕ್ಕಿಟ್ಟು ಆಮೇಲೆ ಕರೆಯಿರಿ ಎಂದು ಬೇಡುವ ಮಾತು. ವಕೀಲಿಕೆಗೆ ಬಂದಾಗಿನಿಂದ ಕೋರ್ಟಿನಲ್ಲಿ ಅವಳಾಡಿದ್ದೆಲ್ಲ ಹೆಚ್ಚುಕಡಿಮೆ ಇದೊಂದೇ ಮಾತು. ಜಡ್ಜ್ ತಲೆಯೆತ್ತದೆ 'ಹೂಂ' ಎಂದಿದ್ದರು. ಯಾರೂ ತನ್ನ ಕಡೆ ತಲೆಯೆತ್ತಿ ನೋಡದಿರುವುದು ಮೊದಮೊದಲು ಅವಮಾನವೆನಿಸಿತ್ತು, ಆಮೇಲೆ ಅನುಕೂಲವಾಯಿತು, ಈಚೆಗೆ ಅದೊಂದು ಬಗೆಯ ಹೆದರಿಕೆಯಾಗಿದೆ. ಇದೇ ಕರಿಕೋಟು ತೊಡಿಸಿ ಬೇರೆ ಯಾರನ್ನಾದರೂ ತನ್ನ ಜಾಗದಲ್ಲಿ ನಿಲ್ಲಿಸಿದರೂ ಆ 'ಹೂಂ' ಹಾಗೇ ಬರುತ್ತದೆ. ಆ ಹೆದರಿಕೆಯಿಂದಲೇ ಅವಳು ಎಲ್‌ಎಲ್‌ಎಂ ಓದುತ್ತೇನೆಂದು ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ತುಂಬಿದ್ದು. ಅರ್ಜಿಗೆ ಪಾಠ ಹೇಳಿದ ಇಬ್ಬರು ಅಧ್ಯಾಪಕರ ಶಿಫಾರಸು ಬೇಕು. ಒಂದು ಸೇರಿತ್ತು, ಒಂದು ಬಾಕಿ. ನಾಳೆ ಕೊನೆಯ ದಿನ.

ಮೊದಲನೆಯದು ಸುಲಭವಾಗಿ ಸಿಕ್ಕಿತ್ತು, ಈ ಕಡೆ ಎಲ್ಲರಿಗೂ ಸಿಗುವ ಹಾಗೆ. 'ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ' ಎಂದಿದ್ದರು ಕ್ರಿಮಿನಲ್ ಲಾ ಹೇಳುತ್ತಿದ್ದವರು. ಅವಳು ತನ್ನ ಕೋಣೆಯಲ್ಲಿ ಕೂತು, ತಾನು ತಾನಲ್ಲ ಎನ್ನುವಂತೆ, ತನ್ನನ್ನು ಇಂಗ್ಲಿಷಿನಲ್ಲಿ ಹೊಗಳಿದಳು. ಶ್ರದ್ಧೆಯುಳ್ಳವಳು, ಪ್ರಾಮಾಣಿಕಳು, ಎಂದೂ ತರಗತಿ ತಪ್ಪಿಸದವಳು. ಬರೆಯುತ್ತ ಹೋದಂತೆ ಆ ಹುಡುಗಿಯ ಬಗ್ಗೆ ಅಸೂಯೆಯೂ ಬೇಸರವೂ ಒಟ್ಟಿಗೇ ಆದವು. ಅಷ್ಟು ಗುಣವಿದ್ದೂ ಅವಳಿಗೊಂದು ಮುಖ ಮೂಡಲಿಲ್ಲ. ಅವರು ಕಾರಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಓದದೆ ಸಹಿ ಹಾಕಿದರು, ಹಾಕುವಾಗ 'ಯಾವ ಬ್ಯಾಚು?' ಎಂದು ಕೇಳಿದರು, ಉತ್ತರಕ್ಕೆ ಕಾಯಲಿಲ್ಲ. ಎರಡನೆಯದು ಹಾಗಲ್ಲ. ವಿಶ್ವವಿದ್ಯಾಲಯದವರು ಅಧ್ಯಾಪಕರ ಇ-ಮೇಲಿಗೇ ಒಂದು ಲಿಂಕ್ ಕಳಿಸುತ್ತಾರೆ, ಅದರಲ್ಲಿ ಪ್ರಶ್ನೆಗಳಿರುತ್ತವೆ. ಅರ್ಜಿದಾರರು ತರಗತಿಯಲ್ಲಿ ತೋರಿದ ಸ್ವಂತ ವಿಚಾರಶಕ್ತಿಗೆ ಒಂದು ನಿದರ್ಶನ ಕೊಡಿ, ಎನ್ನುವುದು ಅದರಲ್ಲೊಂದು. ಧನ್ಯಶ್ರೀ ಎಂಬ ವಿದ್ಯಾರ್ಥಿನಿಯ ಬಗ್ಗೆ ನಿದರ್ಶನ ಕೊಡಬಲ್ಲವರು ಆ ಇಡೀ ಕಾಲೇಜಿನಲ್ಲಿ ಒಬ್ಬರೇ, ಆಸ್ತಿ ಹಸ್ತಾಂತರ ಕಾಯ್ದೆ ಹೇಳುತ್ತಿದ್ದ ಶ್ರೀರಂಗಯ್ಯ ಮೇಷ್ಟ್ರು. ಅವರು ಧನ್ಯಶ್ರೀಯನ್ನು ಮರೆತಿರಲಿಲ್ಲ. ಆದರೆ ಅವರು ಮರೆಯದಿದ್ದ ಧನ್ಯಶ್ರೀ ಇವಳಲ್ಲ, ರಸ್ತೆಯಾಚೆ ಪೈಪು ಮಾರುತ್ತಿದ್ದ ಶಿಲ್ಪ.

ಕೊನೆಯ ವರ್ಷ ಧನ್ಯಶ್ರೀ ಮಧ್ಯಾಹ್ನದ ತರಗತಿಗಳಿಗೆ ಹೋಗುತ್ತಿರಲಿಲ್ಲ. ಸೀನಿಯರ್ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದಳು. ಡಿಗ್ರಿ ಮುಗಿದರೆ ಜೂನಿಯರ್ ಆಗಿ ಇಟ್ಟುಕೊಳ್ಳುತ್ತೇನೆ ಎಂದಿದ್ದರು ಅವರು, ಪಾಠಕ್ಕಿಂತ ಅದು ಗಟ್ಟಿ ಅನ್ನಿಸಿತ್ತು. ಹಾಜರಿ ಕೂಗುವಾಗ ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡುವುದು ಆ ಕಾಲೇಜಿನಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟು ಸಹಜವಾಗಿತ್ತು. ಬೇರೆ ಮೇಷ್ಟ್ರುಗಳು ರಿಜಿಸ್ಟರಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಶ್ರೀರಂಗಯ್ಯನವರು ಮೊದಲ ದಿನ 'ಧನ್ಯಶ್ರೀ' ಎಂದು ಕೂಗಿದಾಗ ಶಿಲ್ಪ ಎಂದಿನಂತೆ 'ಎಸ್ ಸಾರ್' ಎಂದಳು. ಅವರು ತಲೆಯೆತ್ತಿ ಮುಖ ನೋಡಿದರು, ನೋಡಿ ಒಂದು ಪ್ರಶ್ನೆ ಕೇಳಿದರು. ಬದುವಿನ ತೆಂಗಿನಮರ ಪಕ್ಕದವನ ಹೊಲಕ್ಕೆ ಬಾಗಿದೆ, ಕಾಯಿ ಅಲ್ಲಿ ಬೀಳುತ್ತೆ, ಕಾಯಿ ಯಾರದಮ್ಮ? 'ಮರದೋನ್ದೇ ಸಾರ್' ಎಂದಳಂತೆ ಶಿಲ್ಪ. 'ಆದ್ರೆ ನಮ್ಮೂರಲ್ಲಿ ಜಗಳ ಆಗೋದು ಕಾಯಿಗಲ್ಲ. ಎತ್ಕೊಳ್ಳೋಕೆ ಪಕ್ಕದೋನ ಹೊಲದಲ್ಲಿ ಕಾಲಿಟ್ನಲ್ಲ, ಅದಕ್ಕೆ.' ತರಗತಿ ನಕ್ಕಿತು, ಮೇಷ್ಟ್ರು ನಗಲಿಲ್ಲ. ಮರುದಿನ ಬಂದವರೇ, 'ಧನ್ಯಶ್ರೀ, ನಿನ್ನೆಯದನ್ನ ಮುಂದುವರಿಸು' ಎಂದರು. ಶಿಲ್ಪ ಎದ್ದು ನಿಲ್ಲಲೇಬೇಕಾಯಿತು. ಅಲ್ಲಿಂದಾಚೆಗೆ ಆ ಗಂಟನ್ನು ಬಿಚ್ಚಲು ಆಗಲಿಲ್ಲ. ಶಿಲ್ಪ ಎಂದು ಕೂಗಿದಾಗ ಹಿಂದಿನ ಬೆಂಚಿನಿಂದ ಯಾರಾದರೂ ತಲೆ ತಗ್ಗಿಸಿಕೊಂಡು 'ಎಸ್ ಸಾರ್' ಅನ್ನುತ್ತಿದ್ದರು. ಸಂಜೆ ಬಸ್ಸಿನಲ್ಲಿ ಶಿಲ್ಪ ಅಂದಂದಿನದನ್ನು ಹೇಳುತ್ತಿದ್ದಳು, 'ಇವತ್ತು ನೀನು ಏನು ಚೆನ್ನಾಗಿ ಮಾತಾಡ್ದೆ ಗೊತ್ತೇನೇ' ಎಂದು, ಇಬ್ಬರೂ ನಗುತ್ತಿದ್ದರು. ಆಮೇಲೆ ವೈವಾ, ಬಾಯಿಮಾತಿನ ಪರೀಕ್ಷೆ, ಬಂತು. ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ. ಶಿಲ್ಪ ಧನ್ಯಶ್ರೀಯಾಗಿ ಒಳಗೆ ಹೋಗಿ ಬಂದಳು. ಶಿಲ್ಪಳಾಗಿ ಯಾರಾದರೂ ಹೋಗಬೇಕಿತ್ತಲ್ಲ, ಧನ್ಯಶ್ರೀ ಹೋದಳು. ಪ್ರಶ್ನೆ ಏನೆಂಬುದೇ ಈಗ ನೆನಪಿಲ್ಲ, ನಾಲಿಗೆ ಅಂಟಿಕೊಂಡು ನೀರು ಕೇಳಿದ್ದು ನೆನಪಿದೆ. ಅವರು ತಮ್ಮದೇ ಫ್ಲಾಸ್ಕಿನ ಮುಚ್ಚಳದಲ್ಲಿ ನೀರು ಬಗ್ಗಿಸಿ ಕೊಟ್ಟು, 'ಹೆದರ್ಕೋಬೇಡ ಶಿಲ್ಪ' ಎಂದಿದ್ದರು. ಅಂಕಪಟ್ಟಿ ಬಂದಾಗ ಧನ್ಯಶ್ರೀಯ ಹೆಸರಿಗೆ ತರಗತಿಯಲ್ಲೇ ಹೆಚ್ಚು ಬಂದಿತ್ತು, ಶಿಲ್ಪಳ ಹೆಸರಿಗೆ ಎಲ್ಲರಿಗಿಂತ ಕಡಿಮೆ. ಆ ಒಂದರಿಂದ ಶಿಲ್ಪಳಿಗೆ ಫಸ್ಟ್ ಕ್ಲಾಸ್ ತಪ್ಪಿತು. 'ಹೋಗ್ಲಿ ಬುಡೇ' ಎಂದಿದ್ದಳು, 'ಫಸ್ಟ್ ಕ್ಲಾಸ್ ಬಂದಿದ್ರೆ ನಮ್ಮಪ್ಪ ಏನು ಮದುವೆ ಮುಂದಕ್ಕೆ ಹಾಕ್ತಿದ್ನಾ?' ಅದನ್ನು ಹೇಳುವಾಗ ಅವಳು ನಗುತ್ತಿದ್ದಳೇ? ಎಷ್ಟು ಸಲ ಆ ಗಳಿಗೆಯನ್ನು ತಿರುವಿ ನೋಡಿದರೂ ಧನ್ಯಶ್ರೀಗೆ ಶಿಲ್ಪಳ ಮುಖ ಕಾಣುವುದಿಲ್ಲ, ತನ್ನ ಕೈಯಲ್ಲಿದ್ದ ಅಂಕಪಟ್ಟಿಯಷ್ಟೇ ಕಾಣುತ್ತದೆ.

'ಅಲ್ಲೇ ಏನೇ ಬೇರು ಬಿಡ್ತಿದೀಯ?' ಶಿಲ್ಪ ಅಂಗಡಿಯಿಂದ ಕೂಗಿದಳು. ಅವಳ ಗಂಡ ಭೀಮರಾಜು ಮೋಟರಿನ ಸ್ಟಾರ್ಟರೊಂದನ್ನು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ. 'ಬನ್ನಿ ಲಾಯರಮ್ಮ. ನಮ್ಮೋಳನ್ನ ಸಾಕ್ಷಿಗೆ ಕರ್ಕೊಂಡು ಹೋಗ್ತಿದೀರಂತೆ?' 'ಹೂಂ ಕಣ್ರೀ, ಸುಳ್ಳು ಸಾಕ್ಷಿ' ಎಂದಳು ಶಿಲ್ಪ, ಕನ್ನಡಿಯಿಲ್ಲದೆ ತಲೆ ಬಾಚಿಕೊಳ್ಳುತ್ತ. 'ಹಂಗಾದ್ರೆ ಮಧ್ಯಾಹ್ನಕ್ಕೆ ಬಂದ್ಬುಡು, ಜೈಲಿಗೆ ಊಟ ತರೋಕೆ ನಂಗಾಗಲ್ಲ' ಎಂದ ಅವನು, ಸ್ಟಾರ್ಟರಿನಿಂದ ತಲೆಯೆತ್ತದೆ. ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. ಹೋದ ವಾರ ಫೋನಿನಲ್ಲಿ ಧನ್ಯಶ್ರೀ, ನನ್ನ ಹೆಸರಲ್ಲಿ ಮೇಷ್ಟ್ರ ಮನೆಗೆ ಬರುತ್ತೀಯಾ ಎಂದು ಕೇಳಿದಾಗ ಶಿಲ್ಪ 'ಮತ್ತೆ ಹಾಜರಿ ಹಾಕ್ಬೇಕಾ?' ಎಂದಿದ್ದಳು, ಒಪ್ಪಿದ್ದು ಅಷ್ಟರಲ್ಲೇ. ಅದಕ್ಕೂ ಮೊದಲು ಧನ್ಯಶ್ರೀ ತಾನೇ ಮೇಷ್ಟ್ರಿಗೆ ಫೋನು ಮಾಡಿ ನೋಡಿದ್ದಳು, ಮನೆಗೆ ಹೋಗದೆ ಮುಗಿದೀತೇನೋ ಎಂದು. 'ಧನ್ಯಶ್ರೀನಾ? ಸ್ವರ ಬದಲಾಗಿದೆಯಲ್ಲಮ್ಮ. ಮನೆಗೇ ಬಾ, ಮುಖ ನೋಡ್ದೆ ನಾನು ಯಾರಿಗೂ ಬರೆದಿಲ್ಲ' ಎಂದಿದ್ದರು.

ಸ್ಕೂಟರನ್ನು ಶಿಲ್ಪ ಓಡಿಸಿದಳು. ತುರುವೇಕೆರೆಯವರೆಗೆ ಗಾಳಿಗೆ ಶಿಲ್ಪಳ ಸೆರಗು ಹಾರಿ ಧನ್ಯಶ್ರೀಯ ಬಾಯಿಗೆ ಬರುತ್ತಿತ್ತು, ಅದರಲ್ಲಿ ಹೊಸ ಪೈಪಿನ ವಾಸನೆ. ಎರಡೂ ಕಡೆ ತೆಂಗಿನ ತೋಟಗಳು ಒಂದೇ ಸಮನೆ ಹಿಂದಕ್ಕೆ ಹೋಗುತ್ತಿದ್ದವು. ಇಲ್ಲಿಂದ ಹೋದ ಮೇಲೆ ಈ ದಾರಿ ತನಗೆ ಹೇಗೆ ನೆನಪಾದೀತು ಎಂದು ಯೋಚಿಸಿದಳು, ಕೂಡಲೇ ಆ ಯೋಚನೆಗೆ ನಾಚಿದಳು. ಇನ್ನೂ ಎಲ್ಲಿಗೂ ಹೋಗಿಲ್ಲ, ಹೋಗುವುದಾದರೆ ಈಗ ಮುಂದೆ ಕೂತಿರುವ ಈ ಬೆನ್ನಿನ ಮೇಲೆಯೇ ಹೋಗಬೇಕು. ಊರು ದಾಟಿದ ಮೇಲೆ ಶಿಲ್ಪ ತಲೆ ಓರೆ ಮಾಡಿ ಕೇಳಿದಳು, 'ನಾನು ಏನು ಓದೋಕೆ ಹೋಗ್ತಿದೀನಿ? ಹೇಳ್ಕೊಡು, ಕೇಳಿದ್ರೆ ತಡವರಿಸ್ಬಾರ್ದು.' ಧನ್ಯಶ್ರೀ ಅರ್ಜಿಗೆಂದು ಬರೆದದ್ದನ್ನು ಬಾಯಿಪಾಠ ಒಪ್ಪಿಸಿದಳು. ವಸಾಹತೋತ್ತರ ಸಮಾಜಗಳಲ್ಲಿ ಭೂಹಕ್ಕುಗಳ ಬಹುತ್ವ, ಅದರ ತುಲನಾತ್ಮಕ ಅಧ್ಯಯನ. ಒಂದೊಂದು ಪದವೂ ಬೇರೆ ಬೇರೆ ವೆಬ್‌ಸೈಟಿನಿಂದ ಬಂದದ್ದು. ಶಿಲ್ಪ ಕೇಳಿ ಮುಗಿಸಿ, 'ಇದನ್ನ ಹೇಳಿದ್ರೆ ಮೇಷ್ಟ್ರು ಎಮ್ಮೆ ಕರೆಯೋಕೆ ಎದ್ದು ಹೋಗ್ತಾರೆ ಕಣೇ' ಎಂದಳು. 'ಮತ್ತೇನ್ ಹೇಳ್ತೀಯ?' 'ನೋಡ್ತೀನಿ. ಬಾಯಿಗೆ ಬಂದಿದ್ದು.'

ಮೇಷ್ಟ್ರ ಮನೆ ಸಂಪಿಗೆ ಊರಿನ ಆಚೆ, ತೋಟದ ಅಂಚಿನಲ್ಲಿ. ಅಂದು ಅವರ ಮನೆಯಲ್ಲಿ ಕೊಬ್ಬರಿ ಒಡೆಸುತ್ತಿದ್ದರು. ವರ್ಷವಿಡೀ ಅಟ್ಟದ ಮೇಲೆ ಒಣಗಿದ್ದ ಕಾಯಿಗಳನ್ನು ಇಳಿಸಿ ಅಂಗಳದಲ್ಲಿ ರಾಶಿ ಹಾಕಿದ್ದರು, ಆಳುಗಳು ಸಿಪ್ಪೆ ಬಿಡಿಸಿ ಚಿಪ್ಪಿಗೆ ಮಚ್ಚಿನ ಬೆನ್ನಿನಿಂದ ಹೊಡೆದು ಇಡಿಯ ಉಂಡೆಯನ್ನು ಹೊರಗೆ ತೆಗೆಯುತ್ತಿದ್ದರು. ಮೇಷ್ಟ್ರು ಬನಿಯನ್-ಪಂಚೆಯಲ್ಲಿ ಮಣೆಯ ಮೇಲೆ ಕೂತು ಒಂದೊಂದೇ ಉಂಡೆಯನ್ನು ಮೂಗಿನ ಹತ್ತಿರ ತಂದು, ಕೌಟು ವಾಸನೆ ಬಂದದ್ದನ್ನು ಎಡಕ್ಕೆ ಎಸೆಯುತ್ತಿದ್ದರು. ಗೇಟು ತೆರೆದದ್ದು ಧನ್ಯಶ್ರೀ. ಅವರು ತಲೆಯೆತ್ತಿದರು. ಕಣ್ಣು ಮೊದಲು ಅವಳ ಮೇಲೆಯೇ ಬಿತ್ತು, ನಿಲ್ಲಲಿಲ್ಲ, ದಾಟಿ ಹೋಯಿತು, ಶಿಲ್ಪಳ ಮೇಲೆ ಹೋಗಿ ಕೂತಿತು. 'ಧನ್ಯಶ್ರೀ. ಬಾಮ್ಮ ಬಾ. ಫೋನಲ್ಲಿ ಬೇರೆ ಯಾರೋ ಅಂದ್ಕೊಂಡಿದ್ದೆ, ಮುಖ ಹಂಗೇ ಇದೆ' ಎಂದರು. ಶಿಲ್ಪ ಬಗ್ಗಿ ಕಾಲು ಮುಟ್ಟಿದಳು. ಎದ್ದಾಗ ಅವಳ ಮುಖ ಕೆಂಪಾಗಿತ್ತು. ಸುಳ್ಳಿಗೆ ಕೆಂಪಾದದ್ದಲ್ಲ, ಯಾರೋ ತನ್ನನ್ನು ಗುರುತಿಸಿದ್ದಕ್ಕೆ. 'ಇವಳು ಶಿಲ್ಪ ಸಾರ್, ನಮ್ಮ ಕ್ಲಾಸೇ' ಎಂದಳು ಧನ್ಯಶ್ರೀಯ ಕಡೆ ಕೈ ಮಾಡಿ. ಮೇಷ್ಟ್ರು ಕಣ್ಣು ಕಿರಿದು ಮಾಡಿದರು. 'ಗೊತ್ತು ಗೊತ್ತು. ವೈವಾದಲ್ಲಿ ನೀರು ಕೇಳಿದ ಹುಡುಗಿ.' ಒಳಗೆ ತಿರುಗಿ ಹೆಂಡತಿಗೆ, 'ರಾಮಲಕ್ಷ್ಮಿ, ಮೊದಲು ಈ ಮಗೂಗೆ ನೀರು ಕೊಡು' ಎಂದರು. ಆಳುಗಳು ನಕ್ಕರು. ಅದರಲ್ಲಿ ವಿಷವಿರಲಿಲ್ಲ, ಮನೆಮಂದಿಯನ್ನು ಕಾಡಿಸುವ ಸಲಿಗೆ ಅಷ್ಟೆ. ರಾಮಲಕ್ಷ್ಮಮ್ಮ ತಂದ ಚೊಂಬನ್ನು ಧನ್ಯಶ್ರೀ ಬಾಯಾರದಿದ್ದರೂ ಪೂರ್ತಿ ಕುಡಿದಳು, ಎಲ್ಲರೂ ನೋಡುತ್ತಿದ್ದರಾದ್ದರಿಂದ.

ಜಗಲಿಯ ಮೇಲೆ ಅವಳಿಗೂ ಒಂದು ಚಾಪೆ ಸಿಕ್ಕಿತು, ಸ್ವಲ್ಪ ದೂರದಲ್ಲಿ. ತನ್ನ ಹೆಸರು ಮೇಷ್ಟ್ರ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು, ಪ್ರತಿ ಸಲವೂ ಅವಳ ಕತ್ತು ತಾನಾಗಿ ಅರ್ಧ ಎದ್ದು, ನೆನಪಾಗಿ, ತಗ್ಗುತ್ತಿತ್ತು. ಯಾರೂ ಆ ಹೆಸರನ್ನು ಈ ದನಿಯಲ್ಲಿ ಕರೆದದ್ದಿಲ್ಲ. ಮನೆಯಲ್ಲಿ ಧನ್ಯಾ ಎಂದು ಗದರಿಕೆಯಂತೆ, ಕೋರ್ಟಿನಲ್ಲಿ ಮೇಡಂ ಎಂದು, ಸೀನಿಯರ್ ಬಾಯಲ್ಲಿ 'ಏಯ್ ಧನ್ಯಶ್ರೀ, ಫೈಲು' ಎಂದು. ಇಲ್ಲಿ ಅದು ಒಬ್ಬ ವ್ಯಕ್ತಿಯ ಹೆಸರಾಗಿತ್ತು. ಮೇಷ್ಟ್ರು ಒಂದು ಉಂಡೆಯನ್ನು ಮೂಸಿ ಬಲಕ್ಕಿಟ್ಟು, 'ಹೇಳು, ಯಾಕೆ ಮುಂದೆ ಓದ್ಬೇಕು?' ಎಂದು ಶಿಲ್ಪಳನ್ನು ಕೇಳಿದರು. ಶಿಲ್ಪ ರಾಶಿಯ ಕಡೆ ಬಗ್ಗಿದಳು. ತಾನೂ ಒಂದು ಉಂಡೆ ಎತ್ತಿಕೊಂಡು ತಿರುಗಿಸಿದಳು.

'ಇವಳದ್ದೊಂದು ಪೈಪಿನ ಅಂಗಡಿ ಇದೆ ಸಾರ್, ಕಿಬ್ಬನಹಳ್ಳೀಲಿ' ಎಂದಳು ಧನ್ಯಶ್ರೀಯನ್ನು ತೋರಿಸಿ. 'ನಾನು ಅಲ್ಲಿ ಹೋಗಿ ಕೂತಿರ್ತೀನಿ ಆಗಾಗ. ದಬ್ಬೇಘಟ್ಟದ ಕಡೆಯಿಂದ ಒಬ್ಬಳು ಹೆಂಗಸು ಬರ್ತಾಳೆ. ಗಂಡ ಹಾಸಿಗೆ ಹಿಡಿದಿದಾನೆ, ತೋಟ ಪೂರ್ತಿ ಅವಳೇ ನೋಡೋದು. ಡ್ರಿಪ್ಪಿನ ಸಬ್ಸಿಡಿ ಪಹಣೀಲಿ ಹೆಸರಿರೋರಿಗೆ ಸಾರ್. ಪಹಣಿ ಸತ್ತ ಮಾವನ ಹೆಸರಲ್ಲೇ ಇದೆ, ಖಾತೆ ಬದಲಾಯ್ಸೋಕೆ ಗಂಡನ ಅಣ್ಣತಮ್ಮಂದಿರು ಸೈನ್ ಹಾಕಲ್ಲ. ಬಿಲ್ಲು ಯಾರ ಹೆಸರಿಗೆ ಬರೀಲಮ್ಮ ಅಂದ್ರೆ, ಮಾವನ ಹೆಸರಿಗೇ ಬರೀರವ್ವ, ಅಭ್ಯಾಸ ಆಗೈತೆ ಅಂತಾಳೆ. ಬರೀತಾರೆ. ಸಬ್ಸಿಡಿ ಬರಲ್ಲ, ಆದ್ರೂ ಅವನ ಹೆಸರೇ. ಸತ್ತೋನ ಹೆಸರಲ್ಲಿ ಪೈಪ್ ತಗೊಂಡೋಗಿ ಇವಳು ನೀರು ಹಾಯಿಸ್ತಾಳೆ. ಕಾಯಿ ಬಂದ್ರೆ ಅದೂ ಅವನ ಹೆಸರಿನ ತೋಟದ್ದೇ. ಕೇಳಿದ್ರೆ ಬೇಜಾರೇ ಇಲ್ಲ ಅವಳಿಗೆ, ನಗ್ತಾಳೆ. ದುಡಿಯೋರು ಒಬ್ರು, ಹೆಸರು ಇನ್ನೊಬ್ರದು ಆದಾಗ ಕಾನೂನು ಯಾರ ಮುಖ ನೋಡ್ಬೇಕು ಸಾರ್? ಹೆಸರಿನೋರದ್ದೇ ನೋಡುತ್ತೆ ಅಂತ ಗೊತ್ತು. ನೋಡ್ಬೇಕಾದ್ದು ಯಾರ್ದು ಅಂತ ನಂಗೆ ಓದ್ಬೇಕು. ಬೇರೆ ಕಡೆ ಜನ ಇದಕ್ಕೆ ಏನ್ ಮಾಡ್ಕೊಂಡಿದಾರೆ ಅಂತ ಓದ್ಬೇಕು.'

ಅಂಗಳದಲ್ಲಿ ಚಿಪ್ಪೊಡೆಯುವ ಸದ್ದು ನಡೆದೇ ಇತ್ತು. ಧನ್ಯಶ್ರೀ ಚಾಪೆಯ ಎಳೆಯೊಂದನ್ನು ಕೀಳುತ್ತಿದ್ದಳು. ಇದನ್ನು ಶಿಲ್ಪ ತನ್ನನ್ನು ಕುರಿತು ಹೇಳಿದಳೇ? ಶಿಲ್ಪ ಅವಳ ಕಡೆ ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದರೆ ಅದು ಚುಚ್ಚುಮಾತು, ತಡೆದುಕೊಳ್ಳಬಹುದಿತ್ತು. ನೋಡದೆ ಇದ್ದದ್ದರಿಂದ ಅದು ನಿಜವಾಗಿ ಆ ಹೆಂಗಸಿನ ಮಾತೇ ಇರಬೇಕು, ಅಂಗಡಿಯಲ್ಲಿ ಎಷ್ಟೋ ದಿನದಿಂದ ಶಿಲ್ಪ ಒಬ್ಬಳೇ ಮಗುಚಿ ಹಾಕುತ್ತಿದ್ದ ಮಾತು, ಕೇಳಲು ಯಾರೂ ಇಲ್ಲದೆ ಇಲ್ಲಿಯವರೆಗೆ ಬಂದದ್ದು. ಬೇರೆಯವಳ ಹೆಸರು ಇಟ್ಟುಕೊಂಡಾಗಲೇ ಅದು ಹೊರಗೆ ಬಂತು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. 'ಹೂಂ' ಎಂದರು. ಕೋರ್ಟಿನ 'ಹೂಂ' ಅಲ್ಲ ಅದು.

ಲಿಂಕು ಅವರ ಫೋನಿನಲ್ಲಿ ಬಂದು ಕೂತಿತ್ತು. ಪೊರೆ ತೆಗೆಸಿದ ಕಣ್ಣಿಗೆ ಸಣ್ಣ ಅಕ್ಷರ ಆಗದು, ತಾನು ಹೇಳುತ್ತೇನೆ ಯಾರಾದರೂ ಟೈಪ್ ಮಾಡಿ ಎಂದರು. ಶಿಲ್ಪ ಕೈ ಚಾಚಿದಳು. 'ನೀನು ಬೇಡಮ್ಮ' ಎಂದರು ಮೇಷ್ಟ್ರು, 'ತನ್ನ ಹೊಗಳಿಕೆ ತಾನೇ ಬರ್ಕೊಳ್ಳೋದು ಸರಿಯಲ್ಲ. ಈಗೆಲ್ಲ ಹಂಗೇ ಮಾಡ್ತಾರಂತೆ, ನಾನು ಮಾಡ್ಸಲ್ಲ. ಶಿಲ್ಪ, ನೀನು ಬಾ.' ಧನ್ಯಶ್ರೀ ಚಾಪೆ ಬಿಟ್ಟೆದ್ದು ಅವರ ಪಕ್ಕಕ್ಕೆ ಹೋಗಿ ಕೂತು ಫೋನು ತೆಗೆದುಕೊಂಡಳು. ಅವರು ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು, ಅವಳು ಒತ್ತುತ್ತ ಹೋದಳು. ಶ್ರದ್ಧೆ, ಪ್ರಾಮಾಣಿಕತೆ ಮುಂತಾದ ಒಂದು ಪದವೂ ಇರಲಿಲ್ಲ. ಮೊದಲ ದಿನ ತೆಂಗಿನಮರದ ಬಗ್ಗೆ ಈಕೆ ಕೊಟ್ಟ ಉತ್ತರದಿಂದ ನಾನು ಮಾರನೆಯ ದಿನದ ಪಾಠವನ್ನೇ ಬದಲಾಯಿಸಬೇಕಾಯಿತು. ಈಕೆ ತೀರ್ಪನ್ನು ಓದುವಾಗ ಸೋತವನ ವಾದವನ್ನು ಮೊದಲು ಓದುತ್ತಾಳೆ. ಒಮ್ಮೆ ನಾನು ತಪ್ಪು ಹೇಳಿದೆ, ಈಕೆ ಎಲ್ಲರೆದುರು ತಿದ್ದಲಿಲ್ಲ, ಪಾಠ ಮುಗಿದ ಮೇಲೆ ಬಂದು ಪ್ರಶ್ನೆ ಕೇಳುವ ಹಾಗೆ ಕೇಳಿದಳು. ಇವೊಂದೂ ಧನ್ಯಶ್ರೀಗೆ ಗೊತ್ತಿರಲಿಲ್ಲ. ಸಂಜೆಯ ಬಸ್ಸಿನಲ್ಲಿ ಶಿಲ್ಪ ಹೇಳಿದ್ದು ನಗುವಂಥವನ್ನು ಮಾತ್ರ. ಹೆಬ್ಬೆರಳಿನ ಕೆಳಗೆ ಒಬ್ಬಳು ಹುಡುಗಿ ಅಕ್ಷರ ಅಕ್ಷರವಾಗಿ ಎದ್ದು ಬರುತ್ತಿದ್ದಳು, ಅವಳಿಗೆ ಮುಖವಿತ್ತು. ಪ್ರತಿ ವಾಕ್ಯದ ಮೊದಲಿಗೆ ಧನ್ಯಶ್ರೀ ಎಂದು ಒತ್ತಬೇಕಿತ್ತು. ಅರ್ಧ ಒತ್ತಿದರೆ ಫೋನೇ ಮಿಕ್ಕದ್ದನ್ನು ತುಂಬುತ್ತಿತ್ತು. ದೌರ್ಬಲ್ಯವೇನಾದರೂ ಇದ್ದರೆ ತಿಳಿಸಿ ಎಂಬ ಪ್ರಶ್ನೆ ಬಂದಾಗ ಅವಳು ಅದನ್ನು ದಾಟಿಸಲು ನೋಡಿದಳು, ಮೇಷ್ಟ್ರು ಬಿಡಲಿಲ್ಲ. ಶಿಲ್ಪಳ ಕಡೆ ನೋಡಿ ಸ್ವಲ್ಪ ನಕ್ಕು, 'ಬರಿ' ಎಂದರು. 'ತನಗೆ ಏನು ಬೇಕು ಅನ್ನೋದನ್ನ ಈಕೆ ಎಂದೂ ಕೇಳೋದಿಲ್ಲ.'

ಆಮೇಲೆ, ಕಳಿಸುವ ಗುಂಡಿ ಒತ್ತುವುದೊಂದು ಉಳಿದಾಗ, ಅವರು ಧನ್ಯಶ್ರೀಯ ಕಡೆ ತಿರುಗಿದರು. ಮೊದಲ ಸಲ ಪೂರ್ತಿ ತಿರುಗಿ, 'ನೀನು ಮುಂದೆ ಓದಲ್ವೇನಮ್ಮ ಶಿಲ್ಪ?' ಎಂದು ಕೇಳಿದರು. ಕೇಳದೆ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂಬ ಸೌಜನ್ಯವಷ್ಟೇ ಇತ್ತು ಅದರಲ್ಲಿ. ಇಲ್ಲ ಸಾರ್ ಎಂದು ಅವಳು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. 'ಓದ್ಬೇಕು ಸಾರ್' ಎಂದಳು. 'ನನಗೂ ಒಂದು ಬರ್ಕೊಡ್ತೀರಾ?' ಹೇಳಿದ ಮೇಲೆ ತನಗೇ ತಿಳಿಯಲಿಲ್ಲ, ಶಿಲ್ಪಳದ್ದನ್ನು ಶಿಲ್ಪಳಿಗೆ ಹಿಂದಿರುಗಿಸುವ ಆತುರವೋ, ಅಥವಾ ಈ ಮನುಷ್ಯ ತನ್ನ ಮುಖ ನೋಡಿ ಏನಾದರೂ ಒಂದು ಒಳ್ಳೆಯದು ಹೇಳಲಿ ಎಂಬ ಆಸೆಯೋ. ಶಿಲ್ಪ ಉಂಡೆ ತಿರುಗಿಸುತ್ತಿದ್ದ ಕೈ ನಿಲ್ಲಿಸಿದಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. 'ಬೇಜಾರು ಮಾಡ್ಕೋಬೇಡಮ್ಮ' ಎಂದರು. 'ನಿನ್ನ ಹಾಜರಿ ಪೂರ್ತಿ ಇತ್ತು, ಅದು ನನಗೆ ಚೆನ್ನಾಗಿ ಜ್ಞಾಪಕ ಇದೆ. ಒಂದು ದಿನಾನೂ ತಪ್ಪಿಸಿಲ್ಲ ನೀನು. ಆದರೂ ಶಿಲ್ಪ ಅಂತ ಒಬ್ಬಳು ಹುಡುಗಿ ನನಗೆ ಕಾಣ್ಲೇ ಇಲ್ಲ. ಎಷ್ಟೋ ಸಲ ಹುಡುಕಿದೀನಿ ಬೆಂಚುಗಳಲ್ಲಿ. ಕಾಣದ್ದನ್ನ ಕಂಡೆ ಅಂತ ಹೆಂಗೆ ಬರೀಲಿ?' ದನಿಯಲ್ಲಿ ಕಾಠಿಣ್ಯವೇನೂ ಇರಲಿಲ್ಲ, ಅವರಿಗೇ ನೋವಾದಂತಿತ್ತು. ಧನ್ಯಶ್ರೀ ಶಿಲ್ಪಳ ಮುಖ ನೋಡಲಾರದೆ ಅವಳ ಕೈ ನೋಡಿದಳು. ಕೈ ಉಂಡೆಯನ್ನು ಮೆಲ್ಲಗೆ, ಸದ್ದಾಗದಂತೆ, ರಾಶಿಗೆ ಇಟ್ಟಿತು. ಈಗ ಹೇಳಿಬಿಡಬಹುದು. ಸಾರ್, ನೀವು ಹುಡುಕಿದ ಹುಡುಗಿ ಇವಳೇ, ನಿಮ್ಮ ಎದುರಿಗೇ ಇದ್ದಳು. ನಾಲ್ಕು ಮಾತು. ಫೋನಿನ ಪರದೆ ಮಂಕಾಗತೊಡಗಿತ್ತು, ಇನ್ನೊಂದು ಗಳಿಗೆ ಬಿಟ್ಟರೆ ಆರಿಹೋಗುತ್ತದೆ. 'ಒತ್ತೇ, ಅಂಗಡಿಗೆ ಲೇಟಾಯ್ತು' ಎಂದಳು ಶಿಲ್ಪ. ಧನ್ಯಶ್ರೀ ಒತ್ತಿದಳು. ಬ್ಯಾಗಿನೊಳಗೆ ಅವಳದೇ ಫೋನು ಗುಂಯ್ ಎಂದಿತು. ಎರಡೂ ಶಿಫಾರಸುಗಳು ತಲುಪಿವೆ ಎಂದು ಇರಬೇಕು.

ಹಿಂದಿರುಗುವಾಗ ಸ್ಕೂಟರ್ ನಿಧಾನವಾಗಿತ್ತು. ರಾಮಲಕ್ಷ್ಮಮ್ಮ ಕುಂಕುಮವಿಟ್ಟು ಇಬ್ಬರಿಗೂ ಕೊಟ್ಟ ಕಾಯಿಗಳು ಧನ್ಯಶ್ರೀಯ ತೊಡೆಯ ಮೇಲಿನ ಚೀಲದಲ್ಲಿ ಒಂದಕ್ಕೊಂದು ತಾಗುತ್ತಿದ್ದವು. 'ನೀನು ಹೇಳಿದ್ದು' ಎಂದು ಶುರು ಮಾಡಿದಳು, 'ಆ ಹೆಂಗಸಿಂದು.' 'ನಾಟಕ ಅಂದ್ಕೊಂಡ್ಯಾ?' 'ಇಲ್ಲ.' 'ನಾನೂ ನಾಟಕ ಅಂತಲೇ ಶುರು ಮಾಡ್ದೆ' ಎಂದಳು ಶಿಲ್ಪ. ತುರುವೇಕೆರೆ ದಾಟಿದ ಮೇಲೆ, ಗಾಳಿಯೊಳಗಿಂದ, 'ಅದಕ್ಕೆ ಅರ್ಜಿ ಹಾಕೋಕೆ ವಯಸ್ಸಿನ ಮಿತಿ ಏನಾದ್ರೂ ಇದೆಯೇನೇ?' ಎಂದು ಕೇಳಿದಳು. ಇಲ್ಲ ಎಂದಳು ಧನ್ಯಶ್ರೀ. ಮಿಕ್ಕದ್ದನ್ನು ಇಬ್ಬರೂ ಹೇಳಲಿಲ್ಲ, ಅದು ಇಬ್ಬರ ನಡುವೆ ಸ್ಕೂಟರಿನ ಸೀಟಿನ ಮೇಲೆ ಕೂತಿತ್ತು: ಶಿಲ್ಪಳನ್ನು ಬಲ್ಲ ಮೇಷ್ಟ್ರು ಜಗತ್ತಿನಲ್ಲಿ ಒಬ್ಬರೇ, ಅವರಿಂದ ಶಿಲ್ಪ ಎಂದೂ ಏನನ್ನೂ ಬರೆಸಿಕೊಳ್ಳಲಾರಳು. 'ಸೀಟು ಸಿಕ್ಕಿದ್ಮೇಲೆ ಅವರಿಗೆ ಹೇಳ್ಬಿಡ್ತೀನಿ' ಎಂದಳು ಧನ್ಯಶ್ರೀ. 'ಎಲ್ಲಾ ಹೇಳ್ತೀನಿ.' ಶಿಲ್ಪ ಬ್ರೇಕು ಹಾಕಲಿಲ್ಲ, ತಿರುಗಲೂ ಇಲ್ಲ. 'ಸೀಟು ಸಿಕ್ಕಿದ್ಮೇಲೆ' ಎಂದಳು. ಸ್ವಲ್ಪ ದೂರ ಹೋದ ಮೇಲೆ, 'ಹೇಳ್ಬೇಡ. ಅವರ ತಲೇಲಿ ಒಬ್ಬಳು ಚೆನ್ನಾಗಿದಾಳೆ. ಅವಳನ್ನೂ ಕೆಡಿಸ್ಬೇಡ.'

ಕಿಬ್ಬನಹಳ್ಳಿಯಲ್ಲಿ ಅಂಗಡಿಯ ಮುಂದೆ ಗಿರಾಕಿಯೊಬ್ಬ ಕಾಯುತ್ತಿದ್ದ, ಪೈಪಿನ ತಿರುವಿಗೆ ಹಾಕುವ ಎಲ್ಬೋ ಬೇಕು ಅಂತ. ಭೀಮರಾಜು ಊಟಕ್ಕೆ ಹೋಗಿದ್ದ. ಶಿಲ್ಪ ಸ್ಕೂಟರ್ ನಿಲ್ಲಿಸಿ ಒಳಗೆ ಹೋದಳು, ಗಲ್ಲಾದ ಹಿಂದೆ ನಿಂತಳು, ಬೆಳಿಗ್ಗೆ ಇದ್ದ ಹಾಗೆಯೇ ಆದಳು. ತಿಪಟೂರಿನ ಬಸ್ಸು ಬರಲು ಹೊತ್ತಿತ್ತು. ಧನ್ಯಶ್ರೀಯ ಫೋನು ಹೊಡೆದುಕೊಂಡಿತು. ಮೇಷ್ಟ್ರು. ಎತ್ತಲು ಹೋದ ಬೆರಳು ನಿಂತಿತು. ಇದು ಮೇಷ್ಟ್ರು ಬಲ್ಲ ಧನ್ಯಶ್ರೀಗೆ ಬಂದ ಕರೆ, ತಾನು ಎತ್ತಿದರೆ ದನಿ ಹೊಂದುವುದಿಲ್ಲ. ಗಿರಾಕಿಯನ್ನು ಸರಿಸಿಕೊಂಡು ಹೋಗಿ ಗಲ್ಲಾದ ಮೇಲಿಂದ ಫೋನು ಚಾಚಿದಳು. ಶಿಲ್ಪ ಹೆಸರು ನೋಡಿದಳು, ಇವಳನ್ನು ನೋಡಿದಳು, ಎಲ್ಬೋ ಹಿಡಿದ ಕೈಯಲ್ಲೇ ಫೋನು ಕಿವಿಗಿಟ್ಟಳು. 'ಹೇಳಿ ಸಾರ್. ಹೌದು, ಧನ್ಯಶ್ರೀ.' ಆಮೇಲೆ ಬರೀ ಹೂಂ, ಹೂಂ ಸಾರ್, ಆಗಲಿ ಸಾರ್. ಗಿರಾಕಿ ಧನ್ಯಶ್ರೀಯ ಕಡೆ ತಿರುಗಿ, 'ಇದರಲ್ಲೇ ಮುಕ್ಕಾಲಿಂಚಿಂದು ಇದ್ರೆ ಕೊಡಮ್ಮ' ಎಂದ. ಅವಳು ಯಾವ ಡಬ್ಬಿ ಎಂದು ತಿಳಿಯದೆ ನಿಂತಳು.

ಶಿಲ್ಪ ಫೋನನ್ನು ಗಲ್ಲಾದ ಮೇಲಿಟ್ಟಳು. ಡಬ್ಬಿ ತೆಗೆದು ಗಿರಾಕಿಯ ಮುಂದೆ ಸುರಿದಳು, ಅವನು ಆರಿಸಿಕೊಳ್ಳುತ್ತಿರುವಾಗ ಹೇಳಿದಳು. 'ಆ ಹುಡುಗಿಗೆ ಇಲ್ಲ ಅಂದ್ಮೇಲೆ ಮೇಷ್ಟ್ರಿಗೆ ಊಟ ಸೇರ್ಲಿಲ್ವಂತೆ. ಹಾಜರಿ ಪೂರ್ತಿ ಇದ್ದೂ ನನಗೆ ಕಾಣಲಿಲ್ಲ ಅಂದ್ರೆ ತಪ್ಪು ನಂದೂ ಇರ್ಬೇಕು ಅಂತಾರೆ. ಶಿಲ್ಪನ್ನ ಭಾನುವಾರ ಭಾನುವಾರ ಕಳಿಸ್ಬೇಕಂತೆ. ಕೂರಿಸ್ಕೊಂಡು ಪಾಠ ಮಾಡ್ತಾರಂತೆ, ಪ್ರಶ್ನೆ ಕೇಳ್ತಾರಂತೆ. ಅವಳು ಏನು ಅಂತ ಗೊತ್ತಾದ್ಮೇಲೆ ಮುಂದಿನ ವರ್ಷಕ್ಕೆ ಬರ್ಕೊಡ್ತಾರಂತೆ, ಶಿಲ್ಪನ ಹೆಸರಿಗೆ.'

'ಹೋಗ್ತೀನಿ' ಎಂದಳು ಧನ್ಯಶ್ರೀ. ಹೇಳುತ್ತಲೇ ಮನಸ್ಸು ಲೆಕ್ಕ ಹಾಕತೊಡಗಿತ್ತು. ಸೀಟು ಬಂದರೆ ಹೊರಡುವುದು ಎಂದು, ಅಷ್ಟರೊಳಗೆ ಭಾನುವಾರಗಳು ಎಷ್ಟು ಉಳಿಯುತ್ತವೆ, ವೀಸಾಗೆಂದು ಬೆಂಗಳೂರಿಗೆ ಓಡಾಡಬೇಕಾದರೆ ಅದರಲ್ಲೂ ಎಷ್ಟು ಹೋಗುತ್ತವೆ, ಸೀನಿಯರ್ ಭಾನುವಾರವೂ ಆಫೀಸಿಗೆ ಕರೆಯುತ್ತಾರಲ್ಲ. ಲೆಕ್ಕ ಹಾಕುತ್ತಿದ್ದೇನೆ ಎಂದು ತಿಳಿದದ್ದು ಶಿಲ್ಪ ಅದನ್ನು ನೋಡುತ್ತಿದ್ದಾಳೆ ಎಂದು ಕಂಡಾಗ. ಶಿಲ್ಪಳ ಮುಖದಲ್ಲಿ ಸಿಟ್ಟಿರಲಿಲ್ಲ. ಧನ್ಯಶ್ರೀ ಹಿಂದೆಂದೂ ಅಲ್ಲಿ ಕಾಣದಿದ್ದ ಒಂದು ಆಸೆ ಇತ್ತು, ಅದನ್ನು ಬಚ್ಚಿಡಲು ಅವಳಿಗೆ ಅಭ್ಯಾಸವಿರಲಿಲ್ಲ.

'ಸುಮ್ನೆ ಹೋಗಿ ಕೂತು ಬಂದ್ರೆ ಆಗಲ್ಲ ಕಣೇ' ಎಂದಳು. 'ಅವರು ಕೇಳಿದ್ದಕ್ಕೆಲ್ಲ ಹೇಳ್ಬೇಕು. ಓದ್ಕೊಂಡು ಹೋಗಿ, ಎದ್ದು ನಿಂತು, ನನ್ನ ಹೆಸರಲ್ಲಿ ಹೇಳ್ಬೇಕು. ಆಗುತ್ತೆ ಅಂದ್ರೆ ಹೋಗು. ಆಗಲ್ಲ ಅಂದ್ರೆ ಈಗಲೇ ಹೇಳ್ಬುಡು, ನಾನೇನೂ ಅಂದ್ಕೊಳ್ಳಲ್ಲ. ನಿನ್ನ ಬಾಯಲ್ಲಿ ಇನ್ನೊಂದು ಸಲ ಸೋಲೋಕೆ ನಂಗಾಗಲ್ಲ.'

ಬಸ್ಸು ಬಂದು ನಿಂತಿತು. ಕಂಡಕ್ಟರ್ ತಿಪಟೂರು, ತಿಪಟೂರು ಎಂದು ಕೂಗಿದ, ಅಂಗಡಿಯ ಕಡೆ ಒಮ್ಮೆ ನೋಡಿದ, ಸೀಟಿ ಊದಿದ. ಗಿರಾಕಿ ಎಲ್ಬೋಗಳನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಧನ್ಯಶ್ರೀ ಬಾಯಿ ತೆರೆದಳು. ಇಷ್ಟು ದಿನ ಅವಳ ಪರವಾಗಿ ಉತ್ತರ ಹೇಳುತ್ತಿದ್ದವಳು ಎದುರಿಗೇ ನಿಂತಿದ್ದಳು, ಕಾಯುತ್ತ, ಏನೂ ಹೇಳದೆ.